ಖಾರದ ಕೈ

ಮೊನ್ನೆ ಬೆಳಿಗ್ಗೆ ಅಕ್ಕಿರೊಟ್ಟಿಗೆಂದು ಸೂಜಿಮೆಣಸಿನ ಚಟ್ನಿ ಅರೆದೆ. ಹಕ್ಕಿಗಳು ಉದುರಿಸಿದ ಬೀಜದಿಂದ ತೋಟದ ಬೇಲಿಯಲ್ಲಿ ತಾನಾಗಿ ಹುಟ್ಟುವ ಮೆಣಸು ಅದು. ಉಗುರಿನಷ್ಟೇ ಉದ್ದ, ನಾಲ್ಕು ಕಾಯಿ ಹಾಕಿದರೆ ಮನೆಮಂದಿಯೆಲ್ಲ ಮೂಗು ಸೀಟಬೇಕು. ಮೂರು ಸಲ ಸೋಪು ಹಚ್ಚಿ ತೊಳೆದರೂ ಬಲಗೈ ಬೆರಳುಗಳು ಉರಿಯುತ್ತಲೇ ಇದ್ದವು. ನನ್ನ ಗಂಡ ಚಂದ್ರು ರೊಟ್ಟಿ ಮುರಿಯುತ್ತಾ, "ಇವತ್ತು ಆ ಕೈಯಾಗೆ ನಾಯಿಗಳನ್ನ ಮುಟ್ಬೇಡ ಕಣೇ, ಪಾಪ, ಉರಿ ಹತ್ತೀತು" ಅಂದ. ಅವನು ಸುಮ್ಮನೆ ಅಂದದ್ದು. ನಾನು ಮಾತ್ರ ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ಮೂರು ವರ್ಷದ ಹಿಂದಿನ ಆ ಬೇಸಿಗೆ, ಜಾಕಿ, ಗೌಡ್ರ ಸೊಸೆ ಮೇಘ, ಎಲ್ಲಾ ಒಟ್ಟಿಗೆ ನೆನಪಾಯಿತು.

ನಾನು ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗುವವಳು. ಇದೇ ನನ್ನ ಕೆಲಸ. ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನಿಜವಾ ಅಂತ ಕೇಳುತ್ತಾರೆ, ಆಮೇಲೆ ತಮ್ಮ ಮನೆ ನಾಯಿಯ ವಿಷಯ ತೆಗೆದು ಅರ್ಧ ಗಂಟೆ ಬಿಡುವುದಿಲ್ಲ. ಮೊದಲು ನಾನು ಬಿಸಿಲೆ ಕಡೆಯ ರಸ್ತೆಯಲ್ಲಿ ಒಂದು ಹೋಂಸ್ಟೇ ಅಡುಗೆಮನೆಯಲ್ಲಿದ್ದೆ. ಬಂದ ಗೆಸ್ಟುಗಳು ನಾಯಿಯನ್ನೂ ಕರೆತರುತ್ತಿದ್ದರು. ಅವರು ಒಂಬತ್ತು ಗಂಟೆಯವರೆಗೆ ಹೊದ್ದು ಮಲಗಿದರೆ ನಾಯಿ ಆರಕ್ಕೇ ಬಾಗಿಲು ಕೆರೆಯುತ್ತಿತ್ತು. ಅದನ್ನು ಹೊರಗೆ ತಿರುಗಾಡಿಸಿಕೊಂಡು ಬರುವ ಕೆಲಸ ಒಲೆ ಮುಂದೆ ನಿಂತಿದ್ದ ನನ್ನ ತಲೆಗೆ ಬಂತು. ಹಾಗೆ ಹೋದವಳು ಒಲೆ ಕಡೆ ತಿರುಗಿ ನೋಡಲಿಲ್ಲ. ನಮ್ಮ ಸುತ್ತಿನ ಎಸ್ಟೇಟುಗಳಲ್ಲಿ ನಾಯಿಗೇನೂ ಬರವಿಲ್ಲ, ಅವನ್ನು ನಡೆಸುವ ಕಾಲಿಗೆ ಬರ. ವರ್ಷದೊಳಗೆ ನಾಲ್ಕು ಮನೆ ನಾಯಿಗಳು ನನ್ನ ಕೈಗೆ ಬಂದವು.

ನಾಲ್ಕರಲ್ಲಿ ಜಾಕಿಯೇ ಬೇರೆ. ಗೌಡ್ರ ಬಂಗಲೆಯ ಅಲ್ಸೇಷನ್, ಬೆನ್ನ ಮೇಲೆ ಕಪ್ಪು, ಕಾಲಿಗೆ ಕಂದು. ಗೌಡ್ರಿಗೆ ಎರಡೂ ಮಂಡಿ ಆಪರೇಷನ್ ಆದ ಮೇಲೆ ಅದನ್ನು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ಹಾಕಿ, ಅದು ಹುಚ್ಚು ಹಿಡಿದಂತಾಗಿ, ಕಾಫಿ ಹಣ್ಣು ಕುಯ್ಯಲು ಬಂದ ಇಬ್ಬರು ಹೆಂಗಸರ ಸೀರೆ ಹರಿದಿತ್ತು. ನಾನು ಮೊದಲ ವಾರ ಅದರ ಮುಂದೆ ಕಲ್ಲಿನ ಮೇಲೆ ಸುಮ್ಮನೆ ಕೂತು ಬರುತ್ತಿದ್ದೆ, ಅಷ್ಟೇ. ಎರಡನೆಯ ವಾರ ಅದು ಬಂದು ನನ್ನ ಮಂಡಿಯ ಮೇಲೆ ಗದ್ದ ಇಟ್ಟಿತು. ಆಮೇಲೆ ಎರಡು ವರ್ಷ, ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ, ಅದು ನನ್ನದು.

ಕೆಲಸ ನೋಡಿದಷ್ಟು ಸಲೀಸಲ್ಲ. ಎದ್ದ ಕೂಡಲೇ ಮೊಬೈಲಿನಲ್ಲಿ ಆನೆ ಗ್ರೂಪ್ ನೋಡಬೇಕು. ಹಿಂಡು ಯಾವ ತೋಟದಲ್ಲಿದೆ ಎಂದು ಅಲ್ಲಿ ಬಂದಿರುತ್ತದೆ, ಅದನ್ನು ನೋಡಿ ಆವತ್ತಿನ ದಾರಿ ಗೊತ್ತು ಮಾಡಬೇಕು. ಬೆಲ್ಟು ಯಾವತ್ತೂ ಬಿಚ್ಚುವ ಹಾಗಿಲ್ಲ. ಬಿಚ್ಚಿಬಿಟ್ಟ ನಾಯಿ ಆನೆ ಕಂಡರೆ ಬೊಗಳಿ ರೇಗಿಸಿ, ಆಮೇಲೆ ಹೆದರಿ ಓಡಿ ಬಂದು ನಮ್ಮ ಹಿಂದೆಯೇ ಅವಿತುಕೊಳ್ಳುತ್ತದೆ, ಅದರ ಹಿಂದೆ ಆನೆ. ಸಂಜೆ ಬೆಳಕಿರುವಾಗಲೇ ಮನೆ ಸೇರಬೇಕು, ಚಿರತೆಗೆ ನಾಯಿ ಅಂದರೆ ಪ್ರಾಣ. ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ ಸೀಮೆಎಣ್ಣೆ ಬಟ್ಟಲಿಗೆ ಹಾಕಬೇಕು. ಜಾಕಿ ಆಗ ಕಣ್ಣು ಮುಚ್ಚಿ ನನ್ನ ಮೇಲೆ ಭಾರ ಬಿಟ್ಟು ಮಲಗುತ್ತಿತ್ತು.

ಆ ಬೇಸಿಗೆಗೆ ಮುಂಚಿನ ಕಾರ್ತಿಕದಲ್ಲಿ ಗೌಡ್ರ ಮಗನಿಗೆ ಮದುವೆಯಾಗಿ ಮೇಘ ಬಂಗಲೆಗೆ ಬಂದಳು. ಹಾಸನದ ಹುಡುಗಿ, ಇಪ್ಪತ್ತೈದರ ಪ್ರಾಯ. ಅವಳಲ್ಲಿ ಒಂದು ತಪ್ಪು ಹುಡುಕಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸೊಕ್ಕು ಇರಲಿಲ್ಲ, ಸೋಮಾರಿತನ ಇರಲಿಲ್ಲ, ನನ್ನನ್ನು ಮೊದಲ ದಿನದಿಂದ ಸರೋಜಕ್ಕ ಅಂತಲೇ ಕರೆದಳು, ತಾನು ಕುಡಿಯುವ ಲೋಟದಲ್ಲೇ ಕಾಫಿ ಕೊಟ್ಟಳು. ಒಂದು ತಪ್ಪಾದರೂ ಸಿಕ್ಕಿದ್ದರೆ ನನ್ನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಜಾಕಿ ಅವಳಿಗೆ ಮೂರೇ ದಿನಕ್ಕೆ ಒಲಿಯಿತು. ನನ್ನನ್ನು ಎರಡು ವಾರ ಕಲ್ಲಿನ ಮೇಲೆ ಕೂರಿಸಿದ ನಾಯಿ ಅದು. ನಾನು ಗೇಟು ತೆಗೆದರೆ ಬಾಲ ಅಲ್ಲಾಡಿಸುತ್ತಿತ್ತು. ಅವಳು ಬಾಗಿಲಿಗೆ ಬಂದರೆ ಸೊಂಟದಿಂದ ಹಿಂದೆ ಇಡೀ ಮೈ ಅಲ್ಲಾಡುತ್ತಿತ್ತು. ನಾನು ದಿನಾ ಕಣ್ಣಳತೆಯಲ್ಲಿ ಅಳೆದು ನೋಡಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಅವಳೂ ನಮ್ಮ ಜೊತೆ ನಡೆಯಲು ಬರತೊಡಗಿದಳು. ಒಂದು ದಿನ "ನಾನು ಹಿಡ್ಕೊಳ್ಲಾ" ಎಂದು ಬೆಲ್ಟು ಕೇಳಿ ಇಸಕೊಂಡಳು. ಕಾಫಿ ಮೂಟೆ ಇಡುವ ಸ್ಟೋರಿನಿಂದ ಕೆರೆಯ ತನಕ ಜಾಕಿ ಒಂದು ಸಲವಾದರೂ ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ. ನಾನು ಖಾಲಿ ಕೈ ಬೀಸಿಕೊಂಡು ಅವರ ಹಿಂದೆ ನಡೆದೆ.

ವಾರ ಕಳೆದು ಅವಳು, "ಸರೋಜಕ್ಕ, ನಿಮಗೂ ನಾಲ್ಕು ಮನೆ ಸುತ್ತಿ ಸುಸ್ತಾಗಿರುತ್ತೆ. ಸಂಜೆ ಹೊತ್ತು ಜಾಕೀನ ನಾನೇ ಕರ್ಕೊಂಡು ಹೋಗ್ಲಾ?" ಅಂದಳು.

"ಆನೆ ಓಡಾಡೋ ಜಾಗ, ನಿಮಗೆ ದಾರಿ ಗೊತ್ತಾಗಲ್ಲ ಬುಡಿ ಮೇಘಮ್ಮ" ಎಂದು ಬಾಯಿ ಮುಚ್ಚಿಸಿದೆ. ಮನೆಗೆ ಬಂದು ಚಂದ್ರು ಮುಂದೆ ಪಾತ್ರೆ ಕುಕ್ಕಿದೆ. ಅವನಿಗೆ ನಗು.

"ನಿಂಗೆ ಸವತಿ ಬಂದ್ಳು ಅನ್ನು" ಅಂದ.

"ನಗಬೇಡ. ಮೈಯೆಲ್ಲ ಉರೀತೈತೆ."

"ನಾಯಿ ಅವರ್ದು ಕಣೇ ಮಾರಾಯ್ತಿ. ನೀನು ನಡೆಸೋಳು ಅಷ್ಟೇಯ."

ಅವನು ಹೇಳಿದ್ದು ಸುಳ್ಳಲ್ಲ. ಸಂಬಳ ಕೊಡುವವರು ಅವರು, ಅನ್ನ ಹಾಕುವವರು ಅವರು, ಹೆಸರಿಟ್ಟವರು ಅವರು. ಆದರೆ ಜಾಕಿ ನನ್ನನ್ನು ಮರೆತು ಇನ್ನೊಬ್ಬಳ ಹಿಂದೆ ಹೋಗುವುದನ್ನು ನೋಡಿಕೊಂಡು ಬದುಕುವುದು ನನ್ನಿಂದ ಆಗುವಂತಿರಲಿಲ್ಲ. ಅದನ್ನು ಹೇಗೆ ನನ್ನ ಕಡೆ ಎಳೆದುಕೊಳ್ಳಬೇಕು ಅನ್ನುವುದೊಂದೇ ನನಗೆ ಆಗ ಯೋಚನೆ.

ದಾರಿ ತಾನಾಗಿ ಸಿಕ್ಕಿತು. ಕರಿಮೆಣಸಿನ ಕುಯ್ಲು ನಡೆದಿತ್ತು, ಎಲ್ಲರ ಕಣದಲ್ಲೂ ಮೆಣಸು ಒಣಗುತ್ತಿತ್ತು. ಪಕ್ಕದ ತೋಟದವರ ಕಣಕ್ಕೆ ಕಳ್ಳರು ನುಗ್ಗಿ ಮೂಟೆಗಟ್ಟಲೆ ಸಾಗಿಸಿಬಿಟ್ಟರು. ಬರುವ ಮೊದಲು ಅಲ್ಲಿನ ಎರಡು ನಾಯಿಗಳಿಗೆ ಮಾಂಸದಲ್ಲಿ ವಿಷ ಹಾಕಿದ್ದರು. ಮಾರನೆಯ ಬೆಳಿಗ್ಗೆ ಗೌಡ್ರು ಜಗಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ, "ನಮ್ಮಪ್ಪನ ಕಾಲದಾಗೆ ನಾಯೀನ ಒಂದೇ ಕೈಗೆ ಹಾಕೋರು. ಆ ಕೈ ಬುಟ್ಟು ಬೇರೆ ಯಾರು ಏನ್ ಕೊಟ್ರೂ ಮೂಸ್ತಿರ್ಲಿಲ್ಲ. ಜಾಕಿಗೂ ಅದೇ ಮಾಡ್ಬೇಕು" ಅಂದರು.

ಹಳೆಯ ಎಸ್ಟೇಟುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಒಬ್ಬರು ಮಾತ್ರ ಮೊದಲ ತುತ್ತನ್ನು ಕೈಯಲ್ಲಿ ಕೊಡುತ್ತಾರೆ, ಆಮೇಲೆ ತಟ್ಟೆ. ಬೇರೆಯವರ ಕೈಯಿಂದ ಸೂಜಿಮೆಣಸು ತುಂಬಿದ ಮಾಂಸ ಕೊಡಿಸುತ್ತಾರೆ. ನಾಲ್ಕಾರು ಸಲ ಬಾಯಿ ಸುಟ್ಟುಕೊಂಡರೆ, ಆ ಒಂದು ಕೈ ಬಿಟ್ಟು ಉಳಿದ ಕೈಯೆಲ್ಲ ಖಾರದ ಕೈ ಎಂದು ನಾಯಿ ತಿಳಿದುಕೊಳ್ಳುತ್ತದೆ.

"ಯಾರ ಕೈಗೆ ಹಾಕಾನ?" ಎಂದರು ಗೌಡ್ರು.

ಮೇಘ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ದಿನಕ್ಕೆರಡು ಹೊತ್ತು ನನ್ ಜೊತೇಲೇ ಇರ್ತದೆ, ನನ್ ಕೈಗೇ ಹಾಕ್ರಿ ಗೌಡ್ರೆ. ಮೇಘಮ್ಮ ಹೊಸದಾಗಿ ಬಂದವ್ರೆ, ಇವತ್ತು ಇರ್ತಾರೆ, ನಾಳೆ ತವರು ಅಂತ ಹೋಗ್ತಾರೆ."

ಗೌಡ್ರು ತಲೆ ಆಡಿಸಿದರು. ಆವತ್ತು ನನಗೆ ನೆಲ ಕಾಲಿಗೆ ತಾಗಲಿಲ್ಲ.

ಖಾರದ ತುತ್ತು ಮಾಡುವ ಕೆಲಸವೂ ನನ್ನದೇ ಆಯಿತು. ಕೊಡಲು ಮೂರು ಜನ: ತೋಟದ ಲೆಕ್ಕ ಬರೆಯುವ ರೈಟರ್, ಕೂಲಿಯವರ ಲೈನ್ ಮನೆಯ ಒಬ್ಬ ಹೆಂಗಸು, ಮೇಘ. ಮೇಘಳ ಹೆಸರನ್ನು ಸೇರಿಸಿದ್ದು ನಾನು. ಮನೆಯವರಿಂದಲೂ ತಗೊಳ್ಳಬಾರದು, ಆಗಲೇ ಪಕ್ಕಾ ಆಗುವುದು ಎಂದೆ. ಇನ್ನೊಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ರೈಟರ್ ಕೊಡುವ ತುಂಡಿಗೆ ಒಂದು ಮೆಣಸು ಹಾಕಿದರೆ ಮೇಘ ಕೊಡುವ ತುಂಡಿಗೆ ಮೂರು ಹಾಕುತ್ತಿದ್ದೆ.

ಅವಳು ಮೊದಲ ದಿನ ಆ ತುಂಡು ಚಾಚಿದಾಗ ಜಾಕಿ ಓಡಿ ಬಂದು ನುಂಗಿತು. ಆಮೇಲೆ ನೆಲಕ್ಕೆ ಮೂತಿ ಉಜ್ಜಿತು, ಅಂಗಳದ ತುಂಬಾ ಸುತ್ತಿತು, ಕಣ್ಣಲ್ಲಿ ಮೂಗಲ್ಲಿ ನೀರು. ಮೇಘ ಒಳಗೆ ಓಡಿದಳು. ಎರಡನೆಯ ದಿನ ಅವಳು ಮುಖ ಆ ಕಡೆ ತಿರುಗಿಸಿಕೊಂಡು ಕೈ ಚಾಚಿದಳು. ಐದನೆಯ ದಿನಕ್ಕೆ ಅವಳ ಖಾಲಿ ಕೈ ಕಂಡರೂ ಜಾಕಿ ಕಿವಿ ಮಡಚಿ ನನ್ನ ಕಾಲ ಹಿಂದೆ ಬಂದು ನಿಲ್ಲುವಂತಾಯಿತು.

"ನನ್ನ ಕಂಡ್ರೆ ಹೆದರ್ತಿದೆ ಸರೋಜಕ್ಕ" ಅಂದಳು.

"ಬರ್ತಾ ಬರ್ತಾ ಸರಿ ಹೋಯ್ತದೆ ಬುಡಿ" ಅಂದೆ. ಆವತ್ತು ಮನೆಗೆ ಬಂದು ಹಾಡು ಗುನುಗಿಕೊಂಡು ರಾಗಿಮುದ್ದೆ ತಿರುವಿದೆ. ಏನು ವಿಶೇಷ ಎಂದು ಚಂದ್ರು ಕೇಳಿದರೆ ಏನಿಲ್ಲ ಅಂದೆ.

ಆಮೇಲೆ ತವರು ಅಂತ ಹೋದದ್ದು ಮೇಘ ಅಲ್ಲ, ನಾನು. ಆಲೂರು ತಾಲ್ಲೂಕಿನ ಕುಂದೂರು ಹತ್ತಿರ ನಮ್ಮಣ್ಣ ಹೊಸ ಮನೆ ಕಟ್ಟಿದ್ದ, ಗೃಹಪ್ರವೇಶ. ಬೇರೆ ಮೂರು ನಾಯಿಗಳಿಗೆ ಅವರವರ ಮನೆಯವರಿದ್ದರು. ಜಾಕಿಗೆ ಎರಡು ದಿನ ಮೇಘ ವಾಕಿಂಗ್ ಮಾಡಿಸುವುದು ಎಂದಾಯಿತು. "ಊಟ?" ಎಂದು ಕೇಳಿದರು ಗೌಡ್ರು. "ಹೋಗೋ ದಿನ ಬೆಳಿಗ್ಗೆ ತಿನ್ಸಿ ಹೋಗ್ತೀನಿ, ಮಾರನೇ ದಿನ ಸಂಜೆಗೆ ಬಂದ್ಬುಡ್ತೀನಿ, ಒಂದು ದಿನ ಉಪವಾಸ ಇದ್ರೆ ಏನಾಗಲ್ಲ" ಅಂದೆ.

ಮಾರನೆಯ ದಿನ ಮಧ್ಯಾಹ್ನ ಮೇಘಳ ಫೋನು ಬಂತು. ಜಾಕಿ ಏನೂ ಮುಟ್ಟುತ್ತಿಲ್ಲ, ಗೇಟಿನ ಹತ್ತಿರ ಮಲಗಿದ್ದು ಎದ್ದೇಳುತ್ತಿಲ್ಲ, ವಾಕಿಂಗಿಗೂ ಬರಲಿಲ್ಲ ಅಂದಳು. ನಾನು ಹಿತ್ತಲಿನಲ್ಲಿ ನೆಂಟರ ನಡುವೆ ಬಾಳೆಲೆ ಒರೆಸುತ್ತಿದ್ದೆ. ನನಗೆ ಆದ ಖುಷಿಯನ್ನು ಏನೆಂದು ಹೇಳಲಿ. ಅತ್ತಿಗೆಯನ್ನು ಕರೆದು, "ನೋಡು, ನಾನಿಲ್ದೆ ಆ ನಾಯಿ ಅನ್ನ ಮುಟ್ಟಲ್ಲ ಅಂತೈತೆ" ಎಂದು ಹೇಳಿದೆ. ಇನ್ನೊಬ್ಬರಿಗೂ ಹೇಳಿದೆ. ಸಂಜೆ ಬಸ್ಸಿಗೆ ಹೊರಡಬೇಕಿತ್ತು. ಅಣ್ಣ ಇನ್ನೊಂದು ದಿನ ಇದ್ದು ಹೋಗು ಅಂದ. ಆಯ್ತು ಅಂದುಬಿಟ್ಟೆ. ಅಣ್ಣನ ಮೇಲಿನ ಪ್ರೀತಿಗಲ್ಲ. ಅವಳು ಇನ್ನೊಂದು ದಿನ ಒದ್ದಾಡಲಿ, ಜಾಕಿ ಯಾರದು ಅನ್ನುವುದು ಆ ಮನೆಗೆಲ್ಲ ಸರಿಯಾಗಿ ಗೊತ್ತಾಗಲಿ ಅಂತ. ಮೇಘಳಿಗೆ ನಾಳೆ ಬರ್ತೀನಿ ಅಂದೆ. ನಾಳೆ ಬಂತು, ಆಗ ಮಳೆ ಹಿಡಿಯಿತು, ವರ್ಷದ ಮೊದಲ ಮಳೆ, ಗುಡುಗು ಸಿಡಿಲು. ರಸ್ತೆಗೆ ಮರ ಬಿದ್ದಿದೆಯಂತೆ ಎಂದು ಯಾರೋ ಅಂದರು. ಬಿದ್ದಿದೆಯೋ ಇಲ್ಲವೋ ವಿಚಾರಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಚಂದ್ರು ಫೋನು ಮಾಡಿದ. "ಪಶು ಡಾಕ್ಟ್ರು ಬಂದು ಡ್ರಿಪ್ ಹಾಕವ್ರೆ. ನೀರೂ ಸರಿಯಾಗಿ ಕುಡೀತಿಲ್ಲ. ಆ ಹೆಣ್ಮಗು ಎರಡು ದಿನದಿಂದ ಗೇಟ್ ತಾವ್ಲೇ ಕೂತೈತೆ. ಏನ್ ಕಲ್ಲೆದೆ ಕಣೇ ನಿಂದು" ಅಂದ. ಚಂದ್ರು ಯಾವತ್ತೂ ನನ್ನನ್ನು ಹಾಗೆ ಅಂದವನಲ್ಲ. ನಾನು ಉಟ್ಟ ಸೀರೆಯಲ್ಲೇ ಹೊರಟೆ.

ದಾರಿಯುದ್ದಕ್ಕೂ, ವಾರದ ಹಿಂದೆಯೇ ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆದ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ಪ್ರತಿ ವರ್ಷ ಆ ವಾಸನೆಗೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವಳು ಆವತ್ತು ಗಾಜು ಎಳೆದುಕೊಂಡು ಕೂತೆ. ಎಲ್ಲಾದರೂ ಅದು ಸತ್ತಿದ್ದರೆ ಗೇಟು ಹೇಗೆ ತೆಗೆಯಲಿ ಅನ್ನುವುದು ಒಂದೇ ತಲೆಯಲ್ಲಿ.

ಗೇಟಿನ ಒಳಗೆ ಗೋಣಿಚೀಲದ ಮೇಲೆ ಜಾಕಿ ಮಲಗಿತ್ತು. ಪಕ್ಕೆಲುಬು ಕಾಣುತ್ತಿತ್ತು, ಕಣ್ಣು ಗುಳಿ ಬಿದ್ದಿತ್ತು. ಅದರ ಮುಂದೆ ಮೇಘ, ತಲೆ ಬಾಚಿರಲಿಲ್ಲ, ತೊಡೆಯ ಮೇಲೆ ಮೊಸರನ್ನದ ತಟ್ಟೆ. ಅವಳು ಒಂದು ತುತ್ತು ಕಲಸಿ ಜಾಕಿಗೆ ತೋರಿಸಿ, ತಾನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದಳು. ಆಮೇಲೆ ಇನ್ನೊಂದು ತುತ್ತು ಕಲಸಿ ಚಾಚುತ್ತಿದ್ದಳು. "ನೋಡು, ಖಾರ ಇಲ್ಲ ಕಣೋ, ನಾನೇ ತಿಂದೆ ನೋಡು" ಎನ್ನುತ್ತಿದ್ದಳು. ಎರಡು ದಿನದಿಂದ ಹೀಗೇ, ಅವಳ ಹೊಟ್ಟೆಗೂ ಬೇರೆ ಏನೂ ಹೋಗಿಲ್ಲ ಎಂದು ಆಮೇಲೆ ರೈಟರ್ ಹೇಳಿದ.

ನಾನು ಅದೇ ತಟ್ಟೆಯಿಂದ ತುತ್ತು ತೆಗೆದು ಚಾಚಿದೆ. ಜಾಕಿ ತಲೆ ಎತ್ತಿ, ಮೂಸಿ, ನಾಲಗೆಯಲ್ಲಿ ಮೆಲ್ಲಗೆ ತಗೊಂಡಿತು. ಇಂಥ ಹೊತ್ತಿನಲ್ಲೂ ನನ್ನ ಎದೆ ಒಂದು ಸಲ ಉಬ್ಬಿತು. ಮೇಘ ನನ್ನ ಭುಜಕ್ಕೆ ಹಣೆ ಒರಗಿಸಿ, "ಬಂದ್ರಲ್ಲ, ಸಾಕು ಸರೋಜಕ್ಕ" ಎಂದು ಅತ್ತಳು. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳ ಕೂದಲು ನನ್ನ ಕೆನ್ನೆಗೆ ತಾಗುತ್ತಿತ್ತು, ನಾನು ನಾಯಿಯ ಬೆನ್ನು ಸವರುತ್ತಾ ಕೂತೆ.

ಜಾಕಿ ಒಂದು ವಾರದಲ್ಲಿ ಚೇತರಿಸಿಕೊಂಡಿತು. ಗೌಡ್ರು ನನ್ನನ್ನು ಕರೆದರು. ಸಿಟ್ಟು ಮಾಡಲಿಲ್ಲ.

"ತಪ್ಪು ನಂದೇಯ ಸರೋಜ. ಮನೇಲಿರೋರ ಕೈ ಬುಟ್ಟು ಹೊರಗ್ನೋರ ಕೈಗೆ ಹಾಕ್ದೆ. ಇನ್ ಮೇಲೆ ಮೇಘನ ಕೈ ಇರ್ಲಿ. ನಿನ್ ಕೈ ಬುಡಿಸ್ಬೇಕು."

"ನಾನೇ ಬುಡಿಸ್ತೀನಿ ಗೌಡ್ರೆ" ಎಂದೆ. ಹೊರಗ್ನೋರು ಎಂಬ ಮಾತು ಚುಚ್ಚಿತು.

ಯುಗಾದಿ ಕಳೆದು ಮುಂಗಾರಿನ ಮೋಡ ಕಟ್ಟುವವರೆಗೂ ಅದೇ ಕೆಲಸ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಜಗಲಿಯ ಮೆಟ್ಟಿಲ ಮೇಲೆ ನಾನೂ ಮೇಘಳೂ ಅಕ್ಕಪಕ್ಕ ಕೂರುತ್ತಿದ್ದೆವು. ಮೊದಲು ಅವಳ ಅಂಗೈ ಕೆಳಗೆ, ನನ್ನ ಅಂಗೈ ಮೇಲೆ, ಅದರಲ್ಲಿ ತುತ್ತು. ಎರಡು ವಾರ ಬಿಟ್ಟು ನನ್ನ ಕೈ ಕೆಳಗೆ, ಅವಳದು ಮೇಲೆ. ಜಾಕಿ ನಮ್ಮಿಬ್ಬರ ಮುಖ ನೋಡಿ, ಕಿವಿ ಹಿಂದೆ ಮಾಡಿ, ತುಟಿಯ ತುದಿಯಿಂದ ತಗೊಳ್ಳುತ್ತಿತ್ತು. ಅವಳ ಅಂಗೈ ಬೆಚ್ಚಗಿತ್ತು. ನಾನು ದಿನಕ್ಕೊಂದು ಬೆರಳಿನಷ್ಟು ಕೈ ಹಿಂದೆ ಎಳೆದುಕೊಳ್ಳಬೇಕು, ಅದು ಲೆಕ್ಕ. ಕೆಲವು ದಿನ ಎಳೆದುಕೊಳ್ಳುತ್ತಿರಲಿಲ್ಲ. ಮೇಘಳಿಗೆ ಗೊತ್ತಾಗುತ್ತಿತ್ತು, ಆದರೂ ಮುಂದಿನ ತುತ್ತು ಕಲಸುತ್ತಿದ್ದಳು. ಕೊನೆಗೊಂದು ದಿನ ನನ್ನ ಕೈ ಸೆರಗಿನಲ್ಲಿತ್ತು, ಜಾಕಿ ಅವಳ ಕೈಯಿಂದ ತಿಂದು ತಟ್ಟೆಗೆ ಬಾಯಿ ಹಾಕಿತು. ಅವಳು ನಕ್ಕಳು. ನಾನೂ ನಕ್ಕೆ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು.

ಇನ್ನು ಉಳಿದದ್ದು ಒಂದೇ, ನನ್ನ ಕೈಯನ್ನು ಖಾರದ ಕೈ ಮಾಡುವುದು. ಅದಿಲ್ಲದಿದ್ದರೆ ಪದ್ಧತಿ ಪೂರ್ತಿಯಾಗುವುದಿಲ್ಲ. ಮೇಘ ಬೇಡ ಅಂದಳು. ಗೌಡ್ರು ಆಗಬೇಕು ಅಂದರು. ಮುಂಗಾರಿನ ಮೊದಲ ಮಳೆಯ ಸಂಜೆ ಬೇಲಿಯಿಂದ ನಾನೇ ಸೂಜಿಮೆಣಸು ಕಿತ್ತು ತಂದೆ. ಒಂದೊಂದು ತುಂಡಿಗೆ ಮೂರು ಮೆಣಸು ಜಜ್ಜಿ ತುಂಬಿದೆ, ಮೇಘಳ ತುಂಡಿಗೆ ತುಂಬುತ್ತಿದ್ದಷ್ಟೇ. ಗೌಡ್ರು ಕುರ್ಚಿಯಲ್ಲಿ, ಮೇಘ ಕಂಬದ ಪಕ್ಕ, ನಾನು ಮೆಟ್ಟಿಲ ಮೇಲೆ.

ಜಾಕಿ ಬಂದು ಮೊದಲನೆಯದನ್ನು ನುಂಗಿತು. ಮೂತಿ ಉಜ್ಜಿತು, ಕೆಮ್ಮಿತು, ಕಣ್ಣಲ್ಲಿ ನೀರು ಹರಿಯಿತು. ಅಂಗಳ ಸುತ್ತಿ ಬಂದು ನನ್ನ ಮುಂದೆ ಕೂತಿತು. ಎರಡನೆಯದನ್ನು ಚಾಚಿದೆ. ಮೂಸಿ ನೋಡಿತು. ಒಳಗೆ ಏನಿದೆಯೆಂದು ಅದಕ್ಕೆ ಗೊತ್ತಾಗಿತ್ತು, ಮೂಗು ಹಿಂದಕ್ಕೆ ಹೋಯಿತು. ನನ್ನ ಮುಖ ನೋಡಿತು. ಆಮೇಲೆ ತಿಂದಿತು. ಬಾಲ ಅಲ್ಲಾಡಿಸುತ್ತಲೇ ತಿಂದಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈ ನಡುಗುತ್ತಿತ್ತು. ನಾನು ಮೂರನೆಯದನ್ನು ಚಾಚಿದೆ, ಅದನ್ನೂ ತಿಂದಿತು.

"ಸಾಕು ಸರೋಜಕ್ಕ" ಎಂದು ಮೇಘ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. ಬಟ್ಟಲನ್ನು ಕಿತ್ತು ಕೆಸರಿಗೆ ಎಸೆದಳು. ಗೌಡ್ರು ಗೋಡೆ ಹಿಡಿದು ಎದ್ದರು. "ಎರಡು ಕೈ ಇರ್ಲಿ ಬುಡ್ರವ್ವ" ಎಂದು ಒಳಗೆ ಹೋದರು.

ಈಗಲೂ ಹಾಗೇ, ಎರಡು ಕೈ. ಬೆಳಿಗ್ಗೆ ನಾನು, ಸಂಜೆ ಮೇಘ. ಆ ದಿನದ ಮಾತು ಬಂದಾಗೆಲ್ಲ ಅವಳು, ಪಾಪ ಸರೋಜಕ್ಕ ಗಟ್ಟಿ ಮನಸ್ಸು ಮಾಡಿ ಕೆಲಸ ಪೂರ್ತಿ ಮಾಡಲು ನೋಡಿದರು ಎಂದು ಬಂದವರ ಮುಂದೆ ಹೊಗಳುತ್ತಾಳೆ. ನಾನು ಕಾಫಿ ಲೋಟ ನೋಡುತ್ತಾ ಕೂರುತ್ತೇನೆ. ಜಾಕಿ ನನ್ನ ಕೈ ಬಿಡುವುದಿಲ್ಲ ಎಂದು ನನಗೆ ಎರಡನೆಯ ತುಂಡಿಗೇ ಗೊತ್ತಾಗಿತ್ತು. ಮೂರನೆಯದನ್ನು ಕೊಟ್ಟದ್ದು ಮೇಘ ನೋಡಲಿ ಅಂತ.

ಮೊನ್ನೆ ಅರ್ಧ ರೊಟ್ಟಿ ಬಿಟ್ಟು ಎದ್ದೆ. ಬಂಗಲೆಗೆ ಹೋಗಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಜಾಕಿಗೆ ಬಿಸ್ಕತ್ತು ಕೊಟ್ಟೆ. ಅದು ಬಿಸ್ಕತ್ತನ್ನು ಅಲ್ಲೇ ಬಿಟ್ಟು, ನನ್ನನ್ನು ಒಂದು ಸುತ್ತು ಹಾಕಿ ಹಿಂದೆ ಬಂದು, ಸೆರಗಿನೊಳಗೆ ಮೂತಿ ತೂರಿಸಿ, ಉರಿಯುವ ಬೆರಳುಗಳನ್ನೇ ನೆಕ್ಕಲು ಶುರು ಮಾಡಿತು.